ಕುಡಿತ ಬಿಡುವವರಿಗೆ ಊರ ಹತ್ತಿರದ ಗುಂಪು ಹುಡುಕುವ ಬಗೆ

ಆಸ್ಪತ್ರೆಯಲ್ಲಿದ್ದು ಕೈ ನಡುಕ ನಿಂತು, ಊಟ ನಿದ್ದೆ ಹಳಿಗೆ ಬಂದು ಮನೆಗೆ ಮರಳಿದವರಲ್ಲಿ ಬಹಳಷ್ಟು ಜನ ಮತ್ತೆ ಲೋಟ ಹಿಡಿಯುವುದು ಮೊದಲ ಮೂರು ತಿಂಗಳಲ್ಲೇ. ಬಿಡುಗಡೆ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ‘ಎ.ಎ. ಸಭೆಗೆ ಹೋಗಿ’ (ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರೇ ನಡೆಸುವ ಗುಂಪು) ಎಂದು ಒಂದು ಸಾಲು ಬರೆದಿರುತ್ತದೆ. ಯಾವ ಊರಿನ ಸಭೆ, ಯಾವ ವಾರ, ಎಷ್ಟು ಗಂಟೆಗೆ, ಬಾಗಿಲಲ್ಲಿ ಯಾರನ್ನು ಕೇಳಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಆ ಚೀಟಿ ಅಲ್ಲಿಗೇ ಬೀರುವಿನೊಳಗೆ ಸೇರಿಬಿಡುತ್ತದೆ.

ಬರೀ ವಿಳಾಸ ಕೊಟ್ಟರೆ ಏನಾಗುತ್ತದೆ ಎಂದು ಅಮೆರಿಕದಲ್ಲಿ ಒಂದು ಚಿಕ್ಕ ಪ್ರಯೋಗ ನಡೆದಿತ್ತು. 1981ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದವರು 20 ಜನ. ಹತ್ತು ಜನರಿಗೆ ಸಭೆಯ ವಿವರ ತಿಳಿಸಿ, ಹೋಗಿ ಎಂದರು. ಉಳಿದ ಹತ್ತು ಜನರ ಎದುರೇ ಹಳೆಯ ಸದಸ್ಯರೊಬ್ಬರಿಗೆ ಫೋನ್ ಮಾಡಿ ಮಾತಾಡಿಸಿ, ಆ ಸದಸ್ಯರೇ ಜೊತೆಗೆ ಕರೆದೊಯ್ಯುವಂತೆ ಏರ್ಪಾಡು ಮಾಡಿದರು. ಎರಡನೇ ಹತ್ತು ಜನರೂ ಸಭೆಗೆ ಹೋದರು. ಮೊದಲ ಹತ್ತರಲ್ಲಿ ಒಬ್ಬರೂ ಹೋಗಲಿಲ್ಲ. ಪ್ರಯೋಗ ಚಿಕ್ಕದಾದರೂ ಅದರ ಪಾಠ ನಮ್ಮ ತಾಲ್ಲೂಕುಗಳಿಗೂ ಹೊಂದುತ್ತದೆ. ಆದ್ದರಿಂದ ಈ ಲೇಖನವಿಡೀ ಒಂದೇ ಕೆಲಸದ ಸುತ್ತ ಇದೆ: ನಿಮ್ಮನ್ನು ಮೊದಲ ಸಭೆಗೆ ಕರೆದೊಯ್ಯುವ ಒಬ್ಬ ಮನುಷ್ಯನನ್ನು ಹುಡುಕುವುದು.

ಭಾರತ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದವರಲ್ಲಿ 38ಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಹಾಗಾಗಿ ನಿಮ್ಮ ಊರಲ್ಲಿ ಯಾರೂ ಇಂಥ ಗುಂಪಿನ ಬಗ್ಗೆ ಮಾತಾಡಿದ್ದು ಕೇಳಿಲ್ಲವೆಂದರೆ ಅಚ್ಚರಿಯಿಲ್ಲ. ಅಷ್ಟರಿಂದಲೇ ಗುಂಪು ಇಲ್ಲ ಎಂದು ತೀರ್ಮಾನಿಸಬೇಡಿ.

ಗುಂಪಿಗಿಂತ ಮೊದಲು ದೇಹ

ಈ ಭಾಗವನ್ನು ಓದದೆ ಮುಂದೆ ಹೋಗಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು ಒಂದು ಬೆಳಿಗ್ಗೆ ಹಠ ಹಿಡಿದು ಪೂರ್ತಿ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಕೊನೆಯ ಗುಟುಕಿನಿಂದ ಲೆಕ್ಕ ಹಾಕಿದರೆ ಸುಮಾರು 6 ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ಎದೆಬಡಿತ ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿಯಬಹುದು: ಇಲ್ಲದ ಹುಳ, ಇಲ್ಲದ ಮನುಷ್ಯರು ಕಾಣುವುದು, ದಿನ ಯಾವುದು ಸ್ಥಳ ಯಾವುದು ತಿಳಿಯದಿರುವುದು, ಜ್ವರ. ಮನೆಯವರು ಇದನ್ನು ಗಾಳಿ ಮೆಟ್ಟಿದೆ ಎಂದುಕೊಂಡು ಕಟ್ಟಿಹಾಕುತ್ತಾರೆ, ಅಂತ್ರ ಕಟ್ಟಿಸುತ್ತಾರೆ. ಆ ಹೊತ್ತಿನಲ್ಲಿ ಬೇಕಾದ್ದು 108 ಮತ್ತು ಆಸ್ಪತ್ರೆಯ ಹಾಸಿಗೆ.

ಹಾಗಾದರೆ ಯಾರು ವೈದ್ಯರನ್ನು ಕಂಡೇ ನಿಲ್ಲಿಸಬೇಕು? ಬೆಳಿಗ್ಗೆ ಎದ್ದೊಡನೆ ನಡುಕ ತಗ್ಗಿಸಲು ಕುಡಿಯುವವರು, ಹಿಂದೊಮ್ಮೆ ನಿಲ್ಲಿಸಿದಾಗ ಫಿಟ್ಸ್ ಅಥವಾ ಸನ್ನಿ ಆದವರು, ಕಾಮಾಲೆ ಇರುವವರು, ಸರಿಯಾಗಿ ಊಟ ಬಿಟ್ಟು ವಾರಗಳಾದವರು, ದಿನಕ್ಕೆ ಎರಡು ಕ್ವಾರ್ಟರ್ (ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ.) ಮತ್ತು ಮೇಲ್ಪಟ್ಟು ಕುಡಿಯುವವರು. ಎಷ್ಟು ಕುಡಿಯುತ್ತೀರಿ ಎಂದು ವೈದ್ಯರು ಕೇಳಿದಾಗ ‘ಸ್ವಲ್ಪ’ ಎನ್ನಬೇಡಿ, ಲೆಕ್ಕ ಹೇಳಿ. 42.8 ಶೇಕಡಾದ 180 ಮಿ.ಲೀ. ವಿಸ್ಕಿ ಅಥವಾ ಬ್ರಾಂದಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಅದರ ಅರ್ಧ. 8 ಶೇಕಡಾದ 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ 40 ಗ್ರಾಂ. ‘ಬಿಯರ್ ಅಷ್ಟೇ’ ಎನ್ನುವವರು ಸಂಜೆಗೆ ಮೂರು ಬಾಟಲಿ ಮುಗಿಸಿದರೆ ಎರಡು ಕ್ವಾರ್ಟರ್ ಕುಡಿದ ಲೆಕ್ಕವೇ.

ಆಸ್ಪತ್ರೆಯಲ್ಲಿ ನಡುಕಕ್ಕೆ ಮಾತ್ರೆಯ ಜೊತೆ ಥಯಾಮಿನ್, ಅಂದರೆ ಬಿ1 ಜೀವಸತ್ವ, ಕೊಡುತ್ತಾರೆ. ಸುಸ್ತಾಗಿದೆ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರುವ ರೂಢಿ ನಮ್ಮಲ್ಲಿದೆ. ಥಯಾಮಿನ್ ಇಲ್ಲದೆ ಗ್ಲೂಕೋಸ್ ಏರಿಸಿದರೆ, ಊಟ ಬಿಟ್ಟು ಕುಡಿದವರ ಮಿದುಳಿಗೆ ಪೆಟ್ಟು ಬೀಳುವ ಅಪಾಯವಿದೆ. ‘ನಾನು ದಿನಾ ಕುಡಿಯುತ್ತಿದ್ದೆ’ ಎಂದು ಅಲ್ಲಿನ ವೈದ್ಯರಿಗೂ ಹೇಳಲೇಬೇಕು.

ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲ್ಲೂಕು ಆಸ್ಪತ್ರೆಗೆ ನಿಗದಿತ ದಿನ ಬರುತ್ತದೆ. ಯಾವ ದಿನ ಎಂದು ಹೊರರೋಗಿ ಚೀಟಿ ಕೊಡುವಲ್ಲಿ ಕೇಳಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಎಲ್ಲೆಲ್ಲಿ ಹುಡುಕಬೇಕು

ಕರ್ನಾಟಕದಲ್ಲಿ ಕುಡಿತ ಬಿಟ್ಟವರ ಗುಂಪುಗಳಿಗೆ ಮುಖ್ಯವಾಗಿ ಎರಡು ಬೇರುಗಳಿವೆ. ಒಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎ.ಎ. ಇನ್ನೊಂದು ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳಿಂದ ಹುಟ್ಟಿದ ನವಜೀವನ ಸಮಿತಿಗಳು. ಎರಡರ ದಾರಿಯೂ ಬೇರೆ, ಹುಡುಕುವ ರೀತಿಯೂ ಬೇರೆ.

ಎ.ಎ. ಅಮೆರಿಕದ ಏಕ್ರನ್ ಊರಿನಲ್ಲಿ 1935ರಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತಾಡಿ ಬಿಟ್ಟದ್ದರಿಂದ ಶುರುವಾಯಿತು. ಭಾರತಕ್ಕೆ ಬಂದದ್ದು 1957ರಲ್ಲಿ. ಇಲ್ಲಿ ಡಾಕ್ಟರಿಲ್ಲ, ಶುಲ್ಕವಿಲ್ಲ, ಹೆಸರು ನೋಂದಣಿಯಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವದ ಷರತ್ತು. ಸಭೆಗಳು ಶಾಲೆಯ ಕೊಠಡಿ, ಚರ್ಚಿನ ಸಭಾಂಗಣ, ಸಮುದಾಯ ಭವನಗಳಲ್ಲಿ ನಡೆಯುತ್ತವೆ. ಚರ್ಚ್ ಎಂದು ಕೇಳಿ ಹಿಂಜರಿಯುವವರು ತಿಳಿಯಬೇಕಾದ್ದು: ಅದು ಸಿಕ್ಕ ಜಾಗ ಅಷ್ಟೇ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ‘ನಾವು ತಿಳಿದಂತೆ ದೇವರು’ ಎಂಬ ಮಾತು, ಕುಡಿತ ಬಿಡಲು ಅದರ ಸದಸ್ಯರು ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿದೆ. ದೇವರನ್ನು ನಂಬದವರೂ ಅಲ್ಲಿ ಕೂತಿರುತ್ತಾರೆ, ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದುಕೊಂಡು ಮುಂದುವರಿಯುತ್ತಾರೆ.

ಎ.ಎ. ಸಭೆ ಹುಡುಕಲು ಎ.ಎ. ಇಂಡಿಯಾ ಜಾಲತಾಣದಲ್ಲಿರುವ ಸಹಾಯವಾಣಿಗೆ ಕರೆ ಮಾಡಿ ‘ಕರ್ನಾಟಕ, ಇಂಥ ತಾಲ್ಲೂಕು, ಕನ್ನಡ ಸಭೆ’ ಎಂದು ಕೇಳಿ. ನೆಟ್ಟಿನಲ್ಲಿ ಸಿಗುವ ಪಟ್ಟಿಯನ್ನು ನೋಡಿ ನೇರ ಹೋಗಬೇಡಿ. ಇಂಥ ಹುಡುಕಾಟ ಹೆಚ್ಚಾಗಿ ಮುರಿಯುವುದು ಇಲ್ಲೇ. ಶಾಲೆಗೆ ಪರೀಕ್ಷೆ ಬಂದು ಕೊಠಡಿ ಬದಲಾಗಿರುತ್ತದೆ, ಸಭೆ ಬುಧವಾರದಿಂದ ಗುರುವಾರಕ್ಕೆ ಹೋಗಿರುತ್ತದೆ, ಪಟ್ಟಿ ಮಾತ್ರ ಹಳೆಯದೇ ಇರುತ್ತದೆ. ಎಷ್ಟೋ ದಿನ ಮನಸ್ಸು ಗಟ್ಟಿಮಾಡಿ ಹೊರಟವನು ಮುಚ್ಚಿದ ಗೇಟಿನ ಮುಂದೆ ನಿಂತು ಹಿಂತಿರುಗಿದರೆ, ಎರಡನೇ ಸಲ ಹೊರಡುವುದು ಬಹಳ ಕಷ್ಟ.

ಧರ್ಮಸ್ಥಳದ ದಾರಿ ಹಳ್ಳಿಗಳಿಗೆ ಹೆಚ್ಚು ಹತ್ತಿರ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಸೇರಿ ಊರೂರಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರ ಮುಗಿಸಿದವರು ‘ನವಜೀವನ ಸದಸ್ಯರು’. ಅವರ ಸಮಿತಿ ಸೇರುತ್ತಿರುತ್ತದೆ, ನೂರು ದಿನ ದಾಟಿದಾಗ ಶತದಿನೋತ್ಸವ ನಡೆಯುತ್ತದೆ, ಗಾಂಧಿ ಜಯಂತಿಯ ಹೊತ್ತಿಗೆ ಪಾನಮುಕ್ತರ ಸಮಾವೇಶ ಸೇರುತ್ತದೆ. ಮನೆಯಲ್ಲಿ ಯಾರಾದರೂ ಯೋಜನೆಯ ಸ್ವಸಹಾಯ ಸಂಘದಲ್ಲಿದ್ದರೆ ಅವರ ಸೇವಾಪ್ರತಿನಿಧಿಯನ್ನು ಕೇಳುವುದೇ ಹತ್ತಿರದ ದಾರಿ. ಇಲ್ಲವಾದರೆ ತಾಲ್ಲೂಕಿನ ಯೋಜನಾ ಕಚೇರಿಗೆ ಹೋಗಿ ಎರಡು ಪ್ರಶ್ನೆ ಕೇಳಿ: ಮುಂದಿನ ಶಿಬಿರ ಯಾವಾಗ, ಎಲ್ಲಿ? ನಮ್ಮ ಊರಿನ ಸುತ್ತ ನವಜೀವನ ಸಮಿತಿ ಎಲ್ಲಿ ಸೇರುತ್ತದೆ? ಎರಡನೆಯದನ್ನು ಮರೆಯಬೇಡಿ. ಶಿಬಿರದ ಎಂಟು ದಿನ ಹುರುಪಿನಲ್ಲಿ ಕಳೆಯುತ್ತದೆ, ಒಂಬತ್ತನೇ ದಿನದಿಂದ ಸಮಿತಿಯೇ ಕೈಹಿಡಿಯಬೇಕು. ಶಿಬಿರಕ್ಕೆ ಸೇರುವಾಗ ಫಿಟ್ಸ್, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ.

ಉತ್ತರ ಕರ್ನಾಟಕದವರಿಗೆ ಇಳಕಲ್ಲಿನ ಮಹಾಂತ ಶಿವಯೋಗಿಗಳ ಜೋಳಿಗೆ ಗೊತ್ತಿರುತ್ತದೆ. ಚಟಗಳನ್ನು ಭಿಕ್ಷೆಯಾಗಿ ಬೇಡಿದ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಜೋಳಿಗೆಗೆ ಹಾಕಿದ ಮಾತು, ಮಾಲೆ ಹಾಕಿಕೊಂಡ ವ್ರತ, ತಾಯಿಯ ಮೇಲಿನ ಆಣೆ, ಇವೆಲ್ಲಕ್ಕೂ ಬಲವಿದೆ. ಆದರೆ ವ್ರತಕ್ಕೆ ಮುಗಿಯುವ ದಿನವಿದೆ. ಮಾಲೆ ತೆಗೆದ ಸಂಜೆಯೇ ಬಾರಿಗೆ ಹೋಗುವವರಿದ್ದಾರೆ. ಆಣೆ ಮಾಡಿದವರು ಅದೇ ವಾರ ಒಂದು ಗುಂಪನ್ನೂ ಹಿಡಿಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎ.ಎ., ನವಜೀವನ ಸಮಿತಿ ಎರಡೂ ಸಿಗದಿದ್ದರೆ ಮೂರನೇ ದಾರಿ ಆಸ್ಪತ್ರೆ. ವ್ಯಸನ ಚಿಕಿತ್ಸೆ ಕೊಡುವ ಕಡೆಗಳಲ್ಲಿ ಬಿಡುಗಡೆಯಾದವರಿಗೂ ಮನೆಯವರಿಗೂ ಗುಂಪು ಸಭೆಗಳಿರುತ್ತವೆ. ಮನೋವೈದ್ಯರಿಗಿಂತ ಅಲ್ಲಿನ ಮನೋ-ಸಾಮಾಜಿಕ ಕಾರ್ಯಕರ್ತರನ್ನು ಕೇಳಿ, ಊರಿನ ಗುಂಪುಗಳ ಸಂಪರ್ಕ ಅವರ ಹತ್ತಿರವೇ ಇರುವುದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ 14446. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಇಲ್ಲಿ ಕರೆ ಎತ್ತುವವರು ಆಪ್ತಸಮಾಲೋಚಕರು. ಅವರು ಹತ್ತಿರದ ಚಿಕಿತ್ಸಾ ಕೇಂದ್ರವನ್ನು ತಿಳಿಸುತ್ತಾರೆ, ಆ ಕೇಂದ್ರದ ಮೂಲಕ ಗುಂಪಿಗೆ ಹೋಗಬೇಕು.

ಹೊರನಾಡಿನಲ್ಲಿರುವ ಕನ್ನಡಿಗರು ಇದ್ದ ಊರಿನ ಎ.ಎ. ಸಭೆಗೇ ಹೋಗುವುದು ಒಳ್ಳೆಯದು. ಮುಂಬೈ, ಚೆನ್ನೈಯಿಂದ ಹಿಡಿದು ಲಂಡನ್ನಿನವರೆಗೆ ಸಭೆಗಳಿವೆ. ಮಾತೃಭಾಷೆಯಲ್ಲೇ ಮನಸ್ಸು ಬಿಚ್ಚಬೇಕೆನಿಸಿದರೆ ಜೊತೆಗೊಂದು ಆನ್‌ಲೈನ್ ಸಭೆ ಇಟ್ಟುಕೊಳ್ಳಿ. ದೇವರ ಮಾತು ಬೇಡವೇ ಬೇಡ ಎನ್ನುವವರಿಗೆ, ಇಂಗ್ಲಿಷ್ ಬಂದರೆ, ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಸಂಘಟನೆಯ ಆನ್‌ಲೈನ್ ಸಭೆಗಳಿವೆ. ಅಲ್ಲಿ ಹನ್ನೆರಡು ಹೆಜ್ಜೆಗಳ ಬದಲು ಆಲೋಚನೆ ಮತ್ತು ಅಭ್ಯಾಸ ತಿದ್ದುವ ಸಾಧನಗಳನ್ನು ಕಲಿಸುತ್ತಾರೆ.

ಫೋನಿನಲ್ಲಿ ಏನು ಕೇಳಬೇಕು

ಕುಡಿಯದ ಹೊತ್ತಿನಲ್ಲಿ ಕರೆ ಮಾಡಿ. ಬೆಳಿಗ್ಗೆ ಹತ್ತರ ಸುಮಾರು ಒಳ್ಳೆಯದು. ಪೆನ್ನು ಹಾಳೆ ಹತ್ತಿರವಿರಲಿ. ಕತೆಯನ್ನೆಲ್ಲ ಹೇಳುವ ಅಗತ್ಯವಿಲ್ಲ. ‘ನನಗೆ ಕುಡಿತ ಬಿಡಬೇಕು, ಸಭೆಗೆ ಬರಬೇಕು’ ಎಂದರೆ ಸಾಕು. ನಂತರ ಇಷ್ಟು ಕೇಳಿ ಬರೆದುಕೊಳ್ಳಿ:

ಸಭೆ ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ? ಕಳೆದ ವಾರ ಅದೇ ಜಾಗದಲ್ಲಿ ನಡೆಯಿತೇ?
ಕನ್ನಡದಲ್ಲಿ ನಡೆಯುತ್ತದೆಯೇ, ಇಂಗ್ಲಿಷ್, ತಮಿಳು, ಕೊಂಕಣಿ ಬೆರೆತಿದೆಯೇ?
ಮುಕ್ತ ಸಭೆಯೇ, ಮುಚ್ಚಿದ ಸಭೆಯೇ?
ಬಸ್ ಇಳಿದ ಮೇಲೆ ಗುರುತು ಏನು? ಯಾವ ಗೇಟು, ಯಾವ ಮಹಡಿ?
ಆ ದಿನ ಬಸ್ ನಿಲ್ದಾಣದಲ್ಲಿ ಯಾರಾದರೂ ನನ್ನನ್ನು ಭೇಟಿಯಾಗಲು ಆಗುತ್ತದೆಯೇ?

ಕೊನೆಯ ಪ್ರಶ್ನೆ ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳಿ. ಹೊಸಬರಿಗೆ ನೆರವಾಗುವುದು ಎ.ಎ. ಸದಸ್ಯರ ಹನ್ನೆರಡನೇ ಹೆಜ್ಜೆ. ತಾವು ಕುಡಿಯದೆ ಉಳಿಯಲು ಅದೇ ಆಸರೆ ಎಂದು ಅವರು ನಂಬಿರುತ್ತಾರೆ. ನೀವು ಕೇಳಿದ್ದರಿಂದ ಅವರಿಗೆ ಹೊರೆಯಾಗುವುದಿಲ್ಲ. ಮುಕ್ತ ಸಭೆಗೆ ಹೆಂಡತಿ, ಅಣ್ಣ, ಗೆಳೆಯ ಯಾರು ಬೇಕಾದರೂ ಬರಬಹುದು. ಮುಚ್ಚಿದ ಸಭೆಯಲ್ಲಿ ಕುಡಿತದ ಸಮಸ್ಯೆ ಇರುವವರಿಗಷ್ಟೇ ಜಾಗ. ಒಬ್ಬರೇ ಹೋಗಲು ಧೈರ್ಯವಿಲ್ಲದವರು ಮುಕ್ತ ಸಭೆಯಿಂದ ಶುರುಮಾಡಿ.

ಮನೆಯವರು ಕರೆ ಮಾಡಿ ‘ಇವರನ್ನು ಸರಿಮಾಡಿ’ ಎಂದರೆ, ಕುಡಿಯುವವರೇ ಫೋನಿಗೆ ಬರಲಿ ಎಂಬ ಉತ್ತರ ಸಿಗುತ್ತದೆ. ಅದು ನಿರ್ಲಕ್ಷ್ಯವಲ್ಲ. ಬಲವಂತಕ್ಕೆ ಬಂದವರಿಗೆ ಸಭೆಯಿಂದ ಏನೂ ದಕ್ಕುವುದಿಲ್ಲ ಎಂಬುದು ಅವರ ಅನುಭವ. ಕುಡಿಯುವವರು ಒಪ್ಪಿದರೆ ಸದಸ್ಯರಿಬ್ಬರು ಮನೆಗೇ ಬಂದು ಮಾತಾಡುವುದೂ ಉಂಟು. ಒಪ್ಪದಿದ್ದರೆ ಮನೆಯವರಿಗೆಂದೇ ಆಲ್-ಅನಾನ್ ಗುಂಪುಗಳಿವೆ, 1951ರಲ್ಲಿ ಎ.ಎ. ಸದಸ್ಯರ ಮಡದಿಯರು ಕಟ್ಟಿದ್ದು. ಗಂಡ ಕುಡಿಯುತ್ತಲೇ ಇದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು. ಹೋಗಲಿ ಎಂದೇ ನಾವು ಹೇಳುವುದು. ಬಾಟಲಿ ಹುಡುಕಿ ಚೆಲ್ಲುವುದು, ಕೆಲಸದ ಕಡೆಗೆ ಸುಳ್ಳು ಜ್ವರ ಹೇಳುವುದು, ಅವರ ಸಾಲ ತೀರಿಸುವುದು, ಇವುಗಳನ್ನು ಯಾಕೆ ನಿಲ್ಲಿಸಬೇಕು ಎಂಬುದು ಅದೇ ಸಂಕಟ ಉಂಡವರ ಬಾಯಿಂದ ಕೇಳಿದಾಗ ಮಾತ್ರ ಮನಸ್ಸಿಗೆ ಇಳಿಯುತ್ತದೆ.

ಯಾವ ಗುಂಪು ಆರಿಸಬೇಕು

ಮೂರು ವಿಳಾಸ ಸಿಕ್ಕಿದರೆ ತಲುಪಲು ಸುಲಭವಾದದ್ದನ್ನು ಆರಿಸಿ. ಹೋಗುವ ಬಸ್ಸಿಗಿಂತ ಹಿಂತಿರುಗುವ ಕೊನೆಯ ಬಸ್ ಮುಖ್ಯ. ಸಭೆ ಎಂಟಕ್ಕೆ ಮುಗಿದು ನಿಮ್ಮೂರಿನ ಕೊನೆಯ ಬಸ್ 7.45ಕ್ಕೆ ಹೋಗುವುದಾದರೆ ಎರಡನೇ ವಾರಕ್ಕೆ ನೀವು ಬಿಡುತ್ತೀರಿ. ನಿಲ್ದಾಣದಿಂದ ಸಭೆಯವರೆಗಿನ ರಸ್ತೆಯಲ್ಲಿ ನಿಮ್ಮ ಹಳೆಯ ಬಾರ್ ಇದ್ದರೆ, ಸುತ್ತಾದರೂ ಬೇರೆ ರಸ್ತೆ ಹಿಡಿಯಿರಿ. ಇದನ್ನು ಹಿಂದಿನ ದಿನವೇ ನಿಶ್ಚಯಿಸಿ.

ಸಭೆ ವಾರದ ಯಾವ ದಿನ ಎಂಬುದನ್ನೂ ನೋಡಿ ಆರಿಸಬೇಕು. ಕಾಫಿ ತೋಟಗಳಲ್ಲಿ, ಕಟ್ಟಡ ಕೆಲಸದಲ್ಲಿ ಬಟವಾಡೆಯ ಸಂಜೆಯೇ ಗಂಡಾಂತರದ ಹೊತ್ತು. ಕೈಯಲ್ಲಿ ವಾರದ ದುಡ್ಡು, ಸಂತೆಯಲ್ಲಿ ಹಳೆಯ ಜೊತೆಗಾರರು. ಆ ಸಂಜೆಗೇ ಸಭೆಯಿರುವ ಗುಂಪು ಸಿಕ್ಕರೆ ಎರಡು ಮೈಲಿ ದೂರವಾದರೂ ಅದೇ ಇರಲಿ.

ಚಿಕ್ಕ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮೇಷ್ಟ್ರು, ಬ್ಯಾಂಕ್ ನೌಕರರು, ಪೊಲೀಸರು ಸ್ವಂತ ಊರಿನ ಸಭೆಗೆ ಹೋಗಲು ಹೆದರುತ್ತಾರೆ. ಅಂಥವರು ಪಕ್ಕದ ತಾಲ್ಲೂಕಿನ ಗುಂಪು ನೋಡಲಿ. ಸಭೆಯಲ್ಲಿ ಕೇಳಿದ್ದು, ಕಂಡವರ ಹೆಸರು ಹೊರಗೆ ಹೋಗಬಾರದೆಂಬುದು ಎ.ಎ.ಯ ಕಟ್ಟುನಿಟ್ಟಾದ ರೂಢಿ. ಪೂರ್ತಿ ಹೆಸರು ಕೇಳುವುದಿಲ್ಲ. ಒಂದು ಸಮಾಧಾನದ ಮಾತೂ ಇದೆ: ನಿಮ್ಮನ್ನು ಅಲ್ಲಿ ಗುರುತಿಸಿದವರು ತಾವೂ ಅದೇ ಕಾರಣಕ್ಕೆ ಬಂದವರು.

ಹೆಂಗಸರಿಗೆ ಈ ಹುಡುಕಾಟ ಇನ್ನೂ ಕಷ್ಟ, ಇದನ್ನು ಮುಚ್ಚಿಡಬಾರದು. ತಾಲ್ಲೂಕಿನ ಸಭೆಗಳಲ್ಲಿ ಹೆಚ್ಚಿನವರು ಗಂಡಸರೇ. ಫೋನಿನಲ್ಲೇ ‘ನನ್ನ ಜೊತೆ ಮಾತಾಡಲು ಮಹಿಳಾ ಸದಸ್ಯರಿದ್ದಾರೆಯೇ’ ಎಂದು ಕೇಳಿ. ಮಹಿಳೆಯರಿಗೇ ಮೀಸಲಾದ ಆನ್‌ಲೈನ್ ಸಭೆಗಳಿವೆ, ಅಲ್ಲಿಂದ ಶುರುಮಾಡುವುದು ಸುರಕ್ಷಿತ. ಮೊದಲ ತಿಂಗಳುಗಳಲ್ಲಿ ಮಾರ್ಗದರ್ಶಕಿಯಾಗಿ ಹೆಂಗಸರೇ ಇರಲಿ. ಸದಸ್ಯರಲ್ಲಿ ಯಾರಾದರೂ ಸಲುಗೆ ತೋರಿದರೆ, ಒಂಟಿಯಾಗಿ ಭೇಟಿಗೆ ಕರೆದರೆ ಆ ಗುಂಪನ್ನು ಆ ದಿನವೇ ಬಿಡಿ, ಎ.ಎ.ಯನ್ನು ಬಿಡಬೇಕಿಲ್ಲ.

ಮೊದಲ ಸಭೆ

ಹತ್ತು ನಿಮಿಷ ಮುಂಚೆ ಹೋಗಿ. ತಡವಾಗಿ ಹೋದರೆ ಬಾಗಿಲಿನಿಂದಲೇ ವಾಪಸಾಗುವ ಮನಸ್ಸಾಗುತ್ತದೆ. ಸಭೆ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಒಂದು ಕ್ಷಣ ಮೌನ, ಚಿಕ್ಕ ಪ್ರಾರ್ಥನೆ, ಹನ್ನೆರಡು ಹೆಜ್ಜೆಗಳ ಓದು. ನಂತರ ಒಬ್ಬೊಬ್ಬರೇ ಹೆಸರು ಹೇಳಿ, ‘ನಾನೊಬ್ಬ ಆಲ್ಕೊಹಾಲಿಕ್’ ಎಂದು ಮಾತು ಶುರುಮಾಡುತ್ತಾರೆ. ಇದನ್ನು ಶೇರಿಂಗ್ ಎನ್ನುತ್ತಾರೆ. ಒಬ್ಬರು ಮಾತಾಡುವಾಗ ಬೇರೆಯವರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ ‘ನನ್ನ ಹೆಸರು ಇಂಥದ್ದು, ಇವತ್ತು ಕೇಳಲು ಬಂದಿದ್ದೇನೆ’ ಎಂದರೆ ಸಾಕು. ನಡುವೆ ಒಂದು ಚೀಲ ಅಥವಾ ಡಬ್ಬಿ ಬರುತ್ತದೆ. ಜಾಗದ ಬಾಡಿಗೆಗೂ ಚಹಾಕ್ಕೂ ಸದಸ್ಯರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಹೊಸಬರು ಹಾಗೇ ದಾಟಿಸಬಹುದು.

ಸಭೆ ಮುಗಿದೊಡನೆ ಎದ್ದು ಓಡಬೇಡಿ. ಗುಂಪಿನ ಅರ್ಧ ಕೆಲಸ ನಡೆಯುವುದು ಆಮೇಲಿನ ಚಹಾದ ಹದಿನೈದು ನಿಮಿಷದಲ್ಲಿ. ಆ ಹೊತ್ತಿನಲ್ಲಿ ಮೂರು ಜನರ ಫೋನ್ ನಂಬರ್ ಪಡೆಯಿರಿ. ಒಂದೇ ನಂಬರ್ ಸಾಲದು, ನಿಮಗೆ ಕುಡಿಯಬೇಕೆನಿಸಿದ ರಾತ್ರಿ ಅವರೊಬ್ಬರು ಫೋನ್ ಎತ್ತದಿರಬಹುದು. ಮರುದಿನವೇ ಏನೂ ಕಾರಣವಿಲ್ಲದಿದ್ದರೂ ಒಬ್ಬರಿಗೆ ಕರೆ ಮಾಡಿ ಎರಡು ನಿಮಿಷ ಮಾತಾಡಿ. ಸುಮ್ಮನಿರುವಾಗ ಕರೆ ಮಾಡಿ ರೂಢಿಯಾದವರು ಮಾತ್ರ ಕಷ್ಟದ ರಾತ್ರಿ ಕರೆ ಮಾಡುತ್ತಾರೆ.

ಮೊದಲ ಸಭೆ ಬಹಳ ಜನರಿಗೆ ಹಿಡಿಸುವುದಿಲ್ಲ. ‘ಇವರಷ್ಟು ಕೆಟ್ಟಿಲ್ಲ ನಾನು’ ಅನಿಸುತ್ತದೆ. ಯಾರೋ ಮನೆ ಮಾರಿದ ಕತೆ ಹೇಳುತ್ತಾರೆ, ನಿಮ್ಮ ಮನೆ ಇನ್ನೂ ಇದೆ. ಹೋಲದ್ದನ್ನು ಎಣಿಸುವ ಬದಲು, ‘ಇದು ನನಗೂ ಆಗಿತ್ತು’ ಎನಿಸಿದ ಒಂದು ಮಾತನ್ನು ಹಿಡಿದುಕೊಂಡು ಬನ್ನಿ. ಆರು ಸಭೆ ಆಗುವವರೆಗೆ ತೀರ್ಮಾನ ಬೇಡ. ಆಮೇಲೂ ಹೊಂದದಿದ್ದರೆ ಬೇರೆ ಗುಂಪು ನೋಡಿ. ಒಂದೇ ಸಂಘಟನೆಯದ್ದಾದರೂ ಒಂದೊಂದು ಗುಂಪಿಗೆ ಒಂದೊಂದು ಸ್ವಭಾವವಿರುತ್ತದೆ.

‘ತೊಂಬತ್ತು ದಿನಕ್ಕೆ ತೊಂಬತ್ತು ಸಭೆ’ ಎಂಬ ಮಾತು ಎ.ಎ.ಯಲ್ಲಿ ಪ್ರಸಿದ್ಧ. ಬೆಂಗಳೂರಿನಲ್ಲಿ ಅದು ಸಾಧ್ಯ. ಹೊಸದುರ್ಗದಂಥ ಊರಿನಲ್ಲಿ ಕೂತು ಅದನ್ನು ಗುರಿ ಮಾಡಿಕೊಂಡರೆ ಮೊದಲ ವಾರವೇ ಸೋತಂತಾಗುತ್ತದೆ. ವಾರಕ್ಕೆ ಒಂದೆರಡು ನೇರ ಸಭೆ, ಎರಡು ಆನ್‌ಲೈನ್ ಸಭೆ, ಉಳಿದ ದಿನ ಒಂದು ಫೋನ್ ಕರೆ, ಹೀಗೆ ಹಂಚಿಕೊಂಡರೆ ದಿನವೂ ಯಾರಾದರೊಬ್ಬ ಕುಡಿಯದ ಮನುಷ್ಯನ ಧ್ವನಿ ಕಿವಿಗೆ ಬೀಳುತ್ತದೆ. ಒಂದೆರಡು ತಿಂಗಳಲ್ಲಿ ಹಳೆಯ ಸದಸ್ಯರೊಬ್ಬರನ್ನು ಸ್ಪಾನ್ಸರ್, ಅಂದರೆ ನಿಮ್ಮ ಮಾರ್ಗದರ್ಶಕ, ಆಗುವಂತೆ ಕೇಳಿ. ಕನಿಷ್ಠ ಒಂದು ವರ್ಷ ಕುಡಿಯದೆ ಇರುವವರು, ನಿಮ್ಮಿಂದ ಹಣ ಅಥವಾ ಕೆಲಸ ಬಯಸದವರು, ಫೋನ್ ಎತ್ತುವವರು ಆಗಿರಲಿ.

ಎಚ್ಚರಿಕೆಯ ಗುರುತುಗಳು

ಗುಂಪು ಬೇರೆ, ವ್ಯಸನಮುಕ್ತಿ ಕೇಂದ್ರ ಬೇರೆ. ನೆಟ್ಟಿನಲ್ಲಿ ‘ಹತ್ತಿರದ ಗುಂಪು’ ಎಂದು ಹುಡುಕಿದರೆ ಮೊದಲು ಕಾಣುವುದು ಖಾಸಗಿ ಕೇಂದ್ರಗಳ ಜಾಹೀರಾತು. ಯಾರಾದರೂ ‘ವ್ಯಾನ್ ಕಳಿಸುತ್ತೇವೆ, ಹಿಡಿದು ತರುತ್ತೇವೆ’ ಎಂದರೆ ಫೋನ್ ಇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದ ಚಟಕ್ಕೆ ಸಂಬಂಧಿಸಿದ ಸ್ಥಿತಿಗಳಿಗೂ ಅನ್ವಯಿಸುತ್ತದೆ. ಇಂಥ ರೋಗಿಗಳನ್ನು ಇಟ್ಟುಕೊಳ್ಳುವ ಕೇಂದ್ರ ನೋಂದಣಿ ಪಡೆದಿರಬೇಕು. ಯಾವ ರೀತಿಯಲ್ಲೂ ಸರಪಳಿ ಹಾಕುವುದನ್ನು ಕಾಯ್ದೆ ನಿಷೇಧಿಸಿದೆ. ಸೇರುವ ಮುನ್ನ ನೋಂದಣಿ ಪತ್ರ ತೋರಿಸಲು ಹೇಳಿ, ಮನೋವೈದ್ಯರು ವಾರದಲ್ಲಿ ಎಷ್ಟು ಸಲ ಬರುತ್ತಾರೆ, ಮನೆಯವರು ಯಾವಾಗ ಭೇಟಿಯಾಗಬಹುದು ಎಂದು ಕೇಳಿ. ಭೇಟಿಯೇ ಇಲ್ಲ ಎನ್ನುವ ಜಾಗಕ್ಕೆ ಯಾರನ್ನೂ ಸೇರಿಸಬೇಡಿ.

ಗುಂಪಿನೊಳಗೂ ತಪ್ಪಾಗುತ್ತದೆ. ಪ್ರವೇಶ ಶುಲ್ಕ ಕೇಳಿದರೆ ಅದು ಎ.ಎ. ಅಲ್ಲ. ಸದಸ್ಯರ ನಡುವೆ ಸಾಲ, ಚೀಟಿ ವ್ಯವಹಾರ ನಡೆಯುತ್ತಿದ್ದರೆ ದೂರವಿರಿ, ಗುಂಪುಗಳು ಒಡೆಯುವುದು ಹೆಚ್ಚಾಗಿ ದುಡ್ಡಿನಿಂದಲೇ. ಮತ್ತೊಂದು ಅಪಾಯ, ‘ಮಾತ್ರೆ ತಿಂದರೆ ನೀನು ಸೋಬರ್ (ನಶೆಮುಕ್ತ) ಅಲ್ಲ, ಮಾತ್ರೆ ಬಿಟ್ಟುಬಿಡು’ ಎನ್ನುವ ಸದಸ್ಯ. ಖಿನ್ನತೆಯ ಮಾತ್ರೆ, ಕುಡಿಯುವ ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವುಗಳ ವಿಷಯ ವೈದ್ಯರಿಗೆ ಸೇರಿದ್ದು. ಸದಸ್ಯರು ವೈದ್ಯರಂತೆ ಸಲಹೆ ಕೊಡಬಾರದೆಂದು ಎ.ಎ.ಯ ಸಾಹಿತ್ಯವೇ ಹೇಳುತ್ತದೆ.

ಕುಡಿಯದಂತೆ ತಡೆಯಲು ಕೊಡುವ ಡೈಸಲ್ಫಿರಾಂ ಮಾತ್ರೆಯ ಬಗ್ಗೆ ಮನೆಯವರಿಗೆ ಒಂದು ಮಾತು. ಇದನ್ನು ಸಾರಿನಲ್ಲಿ, ಹಾಲಿನಲ್ಲಿ ಗುಟ್ಟಾಗಿ ಬೆರೆಸಿ ಕೊಡುವುದು ನಮ್ಮಲ್ಲಿ ನಡೆಯುತ್ತದೆ. ಈ ಮಾತ್ರೆ ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ತಿಳಿಯದೆ ಹೆಚ್ಚು ಕುಡಿದವರ ಪ್ರಾಣವೇ ಹೋಗಬಹುದು. ಒಪ್ಪಿ ತೆಗೆದುಕೊಳ್ಳುವವರೂ ಅರಿಷ್ಟ, ಆಸವ, ಮದ್ಯಸಾರವಿರುವ ಕೆಮ್ಮಿನ ಔಷಧಿಗಳನ್ನು ಮುಟ್ಟಬಾರದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು.

ಗುಂಪೇ ಇಲ್ಲದ ಊರಿನಲ್ಲಿ

ಇಬ್ಬರಿದ್ದರೆ ಎ.ಎ. ಗುಂಪು ಶುರುವಾಗುತ್ತದೆ. ಆದರೆ ಇಬ್ಬರೂ ಮೊನ್ನೆ ಬಿಟ್ಟವರಾದರೆ ನಿಲ್ಲುವುದು ಕಷ್ಟ. ಹತ್ತಿರದ ಪಟ್ಟಣದ ಗುಂಪಿಗೆ ಕೆಲವು ತಿಂಗಳು ಹೋಗಿ ಬಂದು, ಅಲ್ಲಿನ ಹಿರಿಯರೊಬ್ಬರು ಮೊದಲ ಎಂಟು ಹತ್ತು ವಾರ ಬರಲು ಒಪ್ಪಿದ ಮೇಲೆ ತೆರೆಯಿರಿ. ಜಾಗಕ್ಕೆ ಗ್ರಂಥಾಲಯ, ಶಾಲೆ, ಪಂಚಾಯಿತಿ ಸಭಾಂಗಣ ಕೇಳಿ. ಯಾರದೋ ಮನೆ ಬೇಡ, ಆ ಮನೆಯವರು ಮುನಿಸಿಕೊಂಡ ದಿನ ಗುಂಪು ಮುಗಿಯುತ್ತದೆ. ದಿನ, ಹೊತ್ತು ಒಮ್ಮೆ ಗೊತ್ತುಮಾಡಿದರೆ ಮಳೆಯಿರಲಿ, ಜಾತ್ರೆಯಿರಲಿ ಬದಲಿಸಬೇಡಿ. ಒಬ್ಬರೇ ಬಂದರೂ ಬಾಗಿಲು ತೆರೆದು ಗಂಟೆ ಮುಗಿಯುವವರೆಗೆ ಕೂತಿರಿ.

75 ನಿಮಿಷದ ಸಭೆಗೆ ಒಂದು ಅಳತೆ: ಮೌನ ಮತ್ತು ಓದು 15 ನಿಮಿಷ, ಎಂಟು ಜನಕ್ಕೆ ತಲಾ ಆರು ನಿಮಿಷದಂತೆ ಮಾತು, ಉಳಿದದ್ದು ಹೊಸಬರಿಗೆ. ಸಮಯ ನೋಡಲು ಒಬ್ಬರನ್ನು ಕೂರಿಸಿ. ಇಪ್ಪತ್ತು ನಿಮಿಷ ಭಾಷಣ ಮಾಡುವ ಒಬ್ಬ ಸದಸ್ಯನಿಂದಲೇ ಹೊಸ ಗುಂಪುಗಳು ಖಾಲಿಯಾಗುತ್ತವೆ. ಬೀಗದ ಕೈ, ಡಬ್ಬಿಯ ಲೆಕ್ಕ, ಸಭೆ ನಡೆಸುವುದು ಮೂರನ್ನೂ ಮೂವರಿಗೆ ಹಂಚಿ, ಆರು ತಿಂಗಳಿಗೊಮ್ಮೆ ಬದಲಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ಸಭೆಯ ದಿನ ಮತ್ತು ಒಂದು ಫೋನ್ ನಂಬರ್ ಬರೆದ ಚೀಟಿ ಕೊಡಿ. ಹೊಸಬರು ಬರುವುದು ಅಲ್ಲಿಂದಲೇ.

ಹಬ್ಬ, ಮತ್ತು ಜಾರಿದಾಗ

ಪಂಚಾಂಗ ತೆಗೆದು ವರ್ಷದ ಕಷ್ಟದ ದಿನಗಳಿಗೆ ಈಗಲೇ ಗುರುತು ಹಾಕಿ. ಹಳೆ ಮೈಸೂರಿನ ಕಡೆ ಯುಗಾದಿಯ ಮರುದಿನದ ಹೊಸತೊಡಕು, ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ, ಕರಾವಳಿಯಲ್ಲಿ ದೈವಕ್ಕೆ ಎಡೆ ಇಡುವ ಅಗೇಲು, ಎಲ್ಲ ಕಡೆ ಬೀಗರೂಟ ಮತ್ತು ಚುನಾವಣೆ. ಎಡೆಗೆ ಬಾಟಲಿ ಇಡುವ ಮನೆಯಾದರೆ ಆ ಕೆಲಸ ಬೇರೆಯವರು ಮಾಡಲಿ, ಪ್ರಸಾದವೆಂದು ಒಂದು ಮುಚ್ಚಳವೂ ಬೇಡ. ಆ ದಿನ ಬೆಳಿಗ್ಗೆ ಒಂದು ಕರೆ, ಸಂಜೆ ಒಂದು ಕರೆ ಎಂದು ಗುಂಪಿನ ಒಬ್ಬರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಇಷ್ಟಾದರೂ ಕುಡಿದುಬಿಟ್ಟರೆ, ಅದೇ ದಿನ ಅಥವಾ ಮರುದಿನ ಬೆಳಿಗ್ಗೆ ಆ ಮೂರು ನಂಬರುಗಳಲ್ಲಿ ಒಂದಕ್ಕೆ ಕರೆ ಮಾಡಿ ಹೇಳಿ, ಮುಂದಿನ ಸಭೆಗೆ ಎಂದಿನಂತೆ ಹೋಗಿ. ಕುಡಿದದ್ದಕ್ಕಿಂತ ಹೆಚ್ಚು ಹಾಳುಮಾಡುವುದು ನಾಚಿಕೆಯಿಂದ ತಪ್ಪಿಸಿಕೊಂಡ ಮೂರು ಸಭೆಗಳು. ಸಭೆಯಲ್ಲಿ ಕೂತವರಲ್ಲಿ ಜಾರಿ ಎದ್ದವರು ಬಹಳ ಜನ, ಯಾರೂ ಹೊರಗೆ ಹಾಕುವುದಿಲ್ಲ. ಒಂದು ಸಂಜೆಯ ಕುಡಿತವಾಗಿದ್ದರೆ ಅಷ್ಟೇ ಸಾಕು. ಕುಡಿತ ದಿನಗಟ್ಟಲೆ ಮುಂದುವರಿದು ಬೆಳಿಗ್ಗೆ ಕೈ ನಡುಗಲು ಶುರುವಾಗಿದ್ದರೆ, ಒಮ್ಮೆಲೇ ನಿಲ್ಲಿಸಿ ಸಭೆಗೆ ಓಡಬೇಡಿ. ಗುಂಪಿನ ಒಬ್ಬರನ್ನು ಜೊತೆಗೆ ಕರೆದುಕೊಂಡು ಮೊದಲು ಆಸ್ಪತ್ರೆಗೆ ಹೋಗಿ.